ಫ್ರೀಜರ್ ಗ್ಯಾಸ್ ಕಂಡುಹಿಡಿದ ಮೆಕ್ಯಾನಿಕಲ್ ಎಂಜಿನಿಯರ್: ಥಾಮಸ್ ಮಿಜ್ಲಿ

ನಂಜನಗೂಡಿನ ದೊಡ್ಡ ಜಾತ್ರೆಗೆ ಇನ್ನು ನಾಲ್ಕೇ ದಿನ ಇತ್ತು. ಆಗ ನಮ್ಮ ಕ್ಲಾಸ್‌ನ ಗೆಳೆಯನೊಬ್ಬನ ಮನೆಯ ಡೀಪ್ ಫ್ರೀಜರ್ ಕೈಕೊಟ್ಟಿತು. ಅವರ ಮನೆ ಇಲ್ಲೇ ತಾಂಡವಪುರದಲ್ಲಿ, ಕಾಲೇಜಿಂದ ನಡೆದು ಹೋಗುವಷ್ಟು ದೂರ. ಮೇಲೆ ಮುಚ್ಚಳ ಇರುವ ಪೆಟ್ಟಿಗೆ ಥರದ ಫ್ರೀಜರ್. ಅವರಮ್ಮ ಅದರಲ್ಲಿ ಐಸ್‌ಕ್ಯಾಂಡಿ ಮಾಡಿ ಮಾರುತ್ತಾರೆ. ಜಾತ್ರೆಯ ವಾರದಲ್ಲಿ ಬರುವ ದುಡ್ಡು ಅವರಿಗೆ ಎರಡು ಮೂರು ತಿಂಗಳಿಗೆ ಆಗುತ್ತೆ. ಆವತ್ತು ಮುಚ್ಚಳ ತೆಗೆದರೆ ಕ್ಯಾಂಡಿ ಎಲ್ಲ ಬಣ್ಣದ ನೀರಾಗಿತ್ತು.

ಥರ್ಮೋಡೈನಮಿಕ್ಸ್ ಓದಿದ್ದೀವಲ್ಲ, ನಾವೇ ನೋಡೋಣ ಅಂತ ನಾಲ್ಕು ಜನ ಹೋದೆವು. ನೋಟ್ಸ್‌ನಲ್ಲಿ ಕಂಪ್ರೆಸರ್, ಕಂಡೆನ್ಸರ್, ಕ್ಯಾಪಿಲರಿ, ಇವಾಪೊರೇಟರ್ ಅಂತ ನಾಲ್ಕು ಡಬ್ಬ ಬರೆದು ಬಾಣದ ಗುರುತು ಹಾಕಿದ್ದೇ ನಮ್ಮ ಅನುಭವ. ಮೊದಲು ಸುಲಭದ್ದು ನೋಡಿದೆವು. ಪ್ಲಗ್ ಸರಿ ಇತ್ತು, ವೋಲ್ಟೇಜ್ ಸರಿ ಇತ್ತು, ಥರ್ಮೋಸ್ಟಾಟ್ ತಿರುಗಿಸಿದರೆ ಟಕ್ ಅಂತ ಸದ್ದು ಬರುತ್ತಿತ್ತು. ಮುಚ್ಚಳದ ರಬ್ಬರ್ ಗ್ಯಾಸ್ಕೆಟ್‌ಗೆ ಪೇಪರ್ ಸಿಕ್ಕಿಸಿ ಎಳೆದು ನೋಡಿದೆವು. ಬಿಗಿಯಾಗೇ ಹಿಡಿದುಕೊಂಡಿತ್ತು. ಕಂಪ್ರೆಸರ್ ನಿಲ್ಲದೆ ಓಡುತ್ತಲೇ ಇತ್ತು. ಆದರೆ ಬಿಸಿಯಾಗಬೇಕಿದ್ದ ಹೊರಮೈ ತಣ್ಣಗಿತ್ತು. ಒಳಗೆ ಒಂದು ಮೂಲೆಯಲ್ಲಿ ಮಾತ್ರ ಬಿಳಿ ಮಂಜು ಕೂತಿತ್ತು, ಉಳಿದ ಗೋಡೆ ಒಣಗಿತ್ತು. ಕಂಡೆನ್ಸರ್‌ಗೆ ಧೂಳು ಹಿಡಿದಿದ್ದರೆ ಎಲ್ಲ ಸುಡುತ್ತಿತ್ತು. ಇಲ್ಲಿ ಸುಡೋಕೆ ಒಳಗೆ ಗ್ಯಾಸೇ ಇರಲಿಲ್ಲ. ಫಿಲ್ಟರ್ ಡ್ರೈಯರ್ ಪಕ್ಕದ ಜಾಯಿಂಟ್‌ನಲ್ಲಿ ಎಣ್ಣೆ ಕಲೆ ಕಾಣಿಸಿತು. ಕಂಪ್ರೆಸರ್ ಆಫ್ ಮಾಡಿ ಅದಕ್ಕೆ ಸೋಪಿನ ನೊರೆ ಹಚ್ಚಿದೆವು. ಸಣ್ಣ ಗುಳ್ಳೆ ಎದ್ದವು. ಲೀಕ್ ಸಿಕ್ಕಿತು.

ಮುಂದಿನದು ನಮ್ಮ ಕೈಯಲ್ಲಿ ಆಗೋದಲ್ಲ. ಮೆಕ್ಯಾನಿಕ್ ಅಣ್ಣನಿಗೆ ಫೋನ್ ಮಾಡಿ ಕಾಯುತ್ತಾ ಕೂತಾಗ ಹಿಂದಿನ ಸ್ಟಿಕರ್ ಓದಿದೆವು. ಆರ್-134ಎ, 150 ಗ್ರಾಂ ಅಂತ ಇತ್ತು. ಈ ಆರ್ ನಂಬರ್‌ಗಳ ಮನೆತನ ಎಲ್ಲಿಂದ ಶುರುವಾಯ್ತು ಅಂತ ಹುಡುಕುತ್ತಾ ಹೋದಾಗ ಸಿಕ್ಕಿದವರು ಥಾಮಸ್ ಮಿಜ್ಲಿ. ಕೆಮಿಸ್ಟ್ರಿಯ ದೊಡ್ಡ ದೊಡ್ಡ ಪದಕ ಗೆದ್ದ ಇವರು ಓದಿದ್ದು ನಮ್ಮ ಹಾಗೇ ಮೆಕ್ಯಾನಿಕಲ್!

ಮಿಜ್ಲಿ ಹುಟ್ಟಿದ್ದು 1889ರ ಮೇ 18ರಂದು, ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಬೀವರ್ ಫಾಲ್ಸ್‌ನಲ್ಲಿ. ಬೆಳೆದಿದ್ದು ಒಹಾಯೊ ರಾಜ್ಯದ ಕೊಲಂಬಸ್‌ನಲ್ಲಿ. ಅಪ್ಪನೂ ಹೊಸ ಹೊಸ ವಸ್ತು ಕಂಡುಹಿಡಿಯುವ ಮನುಷ್ಯ. 1911ರಲ್ಲಿ ಕಾರ್ನೆಲ್ ಯೂನಿವರ್ಸಿಟಿಯಲ್ಲಿ ಡಿಗ್ರಿ ಮುಗಿಸಿದರು. 1916ರಲ್ಲಿ ಡೇಟನ್ ಊರಲ್ಲಿ ಚಾರ್ಲ್ಸ್ ಕೆಟರಿಂಗ್ ಅವರ ಲ್ಯಾಬ್ ಸೇರಿದರು. ಕೆಟರಿಂಗ್ ಅಂದರೆ ಕಾರಿಗೆ ಸೆಲ್ಫ್ ಸ್ಟಾರ್ಟರ್ ಕೊಟ್ಟವರು. ಆಮೇಲೆ ಆ ಲ್ಯಾಬ್ ಜನರಲ್ ಮೋಟಾರ್ಸ್ ಕಂಪನಿಯ ಕೈಗೆ ಹೋಯಿತು.

ಮಿಜ್ಲಿಗೆ ಸಿಕ್ಕ ಮೊದಲ ದೊಡ್ಡ ಕೆಲಸವೇ ಒಂದು ಟ್ರಬಲ್‌ಶೂಟಿಂಗ್. ಎಂಜಿನ್ ಒಳಗೆ ಟಕಟಕ ಅಂತ ಬಡಿಯುವ ನಾಕಿಂಗ್ ಯಾಕೆ ಬರುತ್ತೆ ಅಂತ ಪತ್ತೆ ಮಾಡಬೇಕಿತ್ತು. ಜನ ಇಗ್ನಿಷನ್ ಮೇಲೆ ದೂರು ಹಾಕುತ್ತಿದ್ದರು. ಮಿಜ್ಲಿ ಸಿಲಿಂಡರ್ ಒಳಗಿನ ಪ್ರೆಷರ್ ಅಳೆದು, ತಪ್ಪು ಇಂಧನದ್ದು, ಅದು ಉರಿಯುವ ರೀತಿಯದ್ದು ಅಂತ ತೋರಿಸಿದರು. ಸರಿ, ಇಂಧನಕ್ಕೆ ಏನು ಬೆರೆಸಬೇಕು? ಕೆಟರಿಂಗ್‌ಗೆ ಒಂದು ಹೂವಿನ ಗಿಡ ನೆನಪಿಗೆ ಬಂತು. ಅದರ ಎಲೆಯ ಹಿಂಬದಿ ಕೆಂಪಗಿರುತ್ತೆ, ಹಿಮ ಇರುವಾಗಲೇ ಅದು ಹೂ ಬಿಡುತ್ತೆ. ಕೆಂಪು ಬಣ್ಣ ಶಾಖ ಹೀರುತ್ತೇನೋ ಅನ್ನೋ ಊಹೆ ಅವರದ್ದು. ಮಿಜ್ಲಿಗೆ ಕೆಂಪು ಡೈ ಸಿಗಲಿಲ್ಲ, ಅಯೋಡಿನ್ ಸಿಕ್ಕಿತು. ಹಾಕಿದರು, ನಾಕಿಂಗ್ ಕಮ್ಮಿಯಾಯ್ತು! ಆಮೇಲೆ ನಿಜವಾದ ಕೆಂಪು ಡೈ ತಂದು ಹಾಕಿದರೆ ಏನೂ ಆಗಲಿಲ್ಲ. ಊಹೆ ತಪ್ಪು, ಆದರೆ ದಾರಿ ಸಿಕ್ಕಿತ್ತು. ನಮ್ಮ ಲ್ಯಾಬ್‌ಗಳಲ್ಲಿ ರೀಡಿಂಗ್ ಸರಿ ಬಂದರೆ ನಾವು ಅಲ್ಲಿಗೇ ರೆಕಾರ್ಡ್ ಬರೆದು ಮುಗಿಸುತ್ತೀವಿ. ಅವರು ಯಾಕೆ ಸರಿ ಬಂತು ಅಂತ ಇನ್ನೊಂದು ಸಲ ಪರೀಕ್ಷೆ ಮಾಡಿದರು.

ಅಯೋಡಿನ್ ದುಬಾರಿ, ಲೋಹ ತಿನ್ನುತ್ತೆ. ಪೀರಿಯಾಡಿಕ್ ಟೇಬಲ್ ಮುಂದಿಟ್ಟುಕೊಂಡು ಒಂದೊಂದೇ ಧಾತುವಿನ ಸಂಯುಕ್ತ ಹಾಕಿ ನೋಡುತ್ತಾ ಹೋದರು. 1921ರ ಡಿಸೆಂಬರ್ 9ರಂದು ಟೆಟ್ರಾಈಥೈಲ್ ಲೆಡ್ ಸಿಕ್ಕಿತು. ಗ್ಯಾಲನ್‌ಗೆ ಒಂದೆರಡು ಚಮಚಕ್ಕಿಂತ ಕಮ್ಮಿ ಸಾಕು, ಎಂಜಿನ್ ಸುಮ್ಮನಾಗುತ್ತಿತ್ತು. ಆದರೆ ಲೆಡ್ ಅಂದರೆ ಸೀಸ. ಸೀಸ ವಿಷ ಅನ್ನೋದು ಆ ಕಾಲಕ್ಕೆ ಹೊಸ ಸುದ್ದಿಯಲ್ಲ, ಶತಮಾನಗಳಿಂದ ಗೊತ್ತಿದ್ದ ವಿಷಯ. ಆಲ್ಕೋಹಾಲ್ ಬೆರೆಸಿದರೂ ನಾಕಿಂಗ್ ಕಮ್ಮಿಯಾಗುತ್ತೆ ಅನ್ನೋದೂ ಅದೇ ಲ್ಯಾಬ್‌ಗೆ ಗೊತ್ತಿತ್ತು. ಇವತ್ತು ನಮ್ಮ ಪೆಟ್ರೋಲ್ ಬಂಕ್‌ಗಳಲ್ಲಿ ಎಥನಾಲ್ ಬೆರೆಸಿದ ಪೆಟ್ರೋಲ್ ಸಿಗುತ್ತಲ್ಲ, ಅದೇ. ಆದರೆ ಸೀಸ ಅಗ್ಗ, ಪೇಟೆಂಟ್ ಬೇರೆ ಸಿಗುತ್ತಿತ್ತು. 1923ರಲ್ಲಿ ಮಾರಾಟ ಶುರುವಾಯ್ತು. ಹೆಸರು ಈಥೈಲ್. ಹೆಸರಿನಲ್ಲಿ ಸೀಸ ಅನ್ನೋ ಮಾತೇ ಇಲ್ಲ.

ಅದೇ ವರ್ಷ ಮಿಜ್ಲಿಗೇ ಸೀಸದ ವಿಷ ಏರಿ, ಕೆಲಸ ಬಿಟ್ಟು ಫ್ಲಾರಿಡಾಗೆ ಹೋಗಿ ಸುಧಾರಿಸಿಕೊಂಡು ಬರಬೇಕಾಯಿತು. 1924ರ ಅಕ್ಟೋಬರ್‌ನಲ್ಲಿ ನ್ಯೂಜೆರ್ಸಿಯ ಬೇವೇ ರಿಫೈನರಿಯಲ್ಲಿ ಇದನ್ನು ತಯಾರಿಸುತ್ತಿದ್ದ ಕಾರ್ಮಿಕರಲ್ಲಿ ಐದು ಜನ ಭ್ರಮೆ ಹಿಡಿದು ಸತ್ತರು. ಪತ್ರಕರ್ತರು ಮುತ್ತಿಕೊಂಡಾಗ ಮಿಜ್ಲಿ ಅವರ ಎದುರೇ ಆ ದ್ರವವನ್ನು ಕೈಗೆ ಸುರಿದುಕೊಂಡು, ಒಂದು ನಿಮಿಷ ಅದರ ಆವಿಯನ್ನು ಮೂಸಿ ತೋರಿಸಿದರು. ಏನೂ ಆಗಲ್ಲ ಅಂತ ನಂಬಿಸೋಕೆ. ತಾವೇ ಕಾಯಿಲೆ ಬಿದ್ದು ಎದ್ದ ಮೇಲೆ ಮಾಡಿದ ಪ್ರದರ್ಶನ ಇದು. ಇದನ್ನು ಓದಿದಾಗ ನಮಗೆ ತುಂಬಾ ಬೇಜಾರಾಯ್ತು. ಭಾರತದಲ್ಲಿ ಸೀಸದ ಪೆಟ್ರೋಲ್ ಪೂರ್ತಿ ನಿಂತಿದ್ದು 2000ದಲ್ಲಿ. ಪ್ರಪಂಚದಲ್ಲಿ ಕೊನೆಯದಾಗಿ ನಿಲ್ಲಿಸಿದ ದೇಶ ಅಲ್ಜೀರಿಯಾ, 2021ರಲ್ಲಿ. ಅಷ್ಟರಲ್ಲಿ ಎಷ್ಟು ಮಕ್ಕಳ ರಕ್ತಕ್ಕೆ ಆ ಸೀಸ ಸೇರಿತೋ!

ಈಗ ಫ್ರೀಜರ್‌ಗೆ ಬರೋಣ. 1920ರ ದಶಕದ ಫ್ರಿಜ್‌ಗಳಲ್ಲಿ ಸಲ್ಫರ್ ಡೈಆಕ್ಸೈಡ್, ಮೀಥೈಲ್ ಕ್ಲೋರೈಡ್, ಅಮೋನಿಯ ಇರುತ್ತಿದ್ದವು. ಜಾಯಿಂಟ್ ಲೀಕ್ ಆದರೆ ಕ್ಯಾಂಡಿ ಕರಗೋದು ಆಮೇಲಿನ ಮಾತು, ಮನೆಯವರ ಜೀವಕ್ಕೇ ಅಪಾಯ. ನಾವು ಸೋಪಿನ ಗುಳ್ಳೆ ನೋಡುತ್ತಾ ಮೂಗು ಇಟ್ಟುಕೊಂಡು ಕೂತಿದ್ದೆವಲ್ಲ, ಆಗಿನ ಫ್ರಿಜ್ ಆಗಿದ್ದರೆ ಎದ್ದು ಓಡಬೇಕಿತ್ತು. ಫ್ರಿಜಿಡೇರ್ ಆಗ ಜನರಲ್ ಮೋಟಾರ್ಸ್‌ನದ್ದೇ. 1928ರಲ್ಲಿ ಕೆಟರಿಂಗ್ ಮತ್ತೆ ಮಿಜ್ಲಿಯನ್ನು ಕರೆದು, ವಿಷ ಅಲ್ಲದ, ಬೆಂಕಿ ಹತ್ತದ ಒಂದು ಗ್ಯಾಸ್ ಬೇಕು ಅಂದರು.

ಮಿಜ್ಲಿ ಮತ್ತು ಅವರ ಜೊತೆಗಾರ ಆಲ್ಬರ್ಟ್ ಹೆನ್ನ ಮತ್ತೆ ಪೀರಿಯಾಡಿಕ್ ಟೇಬಲ್ ಹಿಡಿದರು. ಒಂದು ರೆಫರೆನ್ಸ್ ಪುಸ್ತಕದಲ್ಲಿ ಕಾರ್ಬನ್ ಟೆಟ್ರಾಫ್ಲೋರೈಡ್ ಕುದಿಯುವ ಉಷ್ಣತೆ ಮೈನಸ್ 15 ಡಿಗ್ರಿ ಅಂತ ಅಚ್ಚಾಗಿತ್ತು. ಅದು ತಪ್ಪು, ನಿಜಕ್ಕೂ ಅದು ಮೈನಸ್ 128ರ ಹತ್ತಿರ. ಆದರೆ ಆ ತಪ್ಪು ಅಚ್ಚೇ ಅವರ ಗಮನವನ್ನು ಫ್ಲೋರಿನ್ ಕಡೆ ತಿರುಗಿಸಿತು. ಮೂರೇ ದಿನದಲ್ಲಿ ಡೈಕ್ಲೋರೋಡೈಫ್ಲೋರೋಮೀಥೇನ್ ತಯಾರಾಯಿತು. ಅದು ಮೈನಸ್ 29.8 ಡಿಗ್ರಿಗೆ ಕುದಿಯುತ್ತೆ. ಮುಂದೆ ಇದೇ ಫ್ರಿಯಾನ್-12, ಆರ್-12 ಆಯಿತು.

ತಯಾರಿಸಲು ಬೇಕಾದ ಆಂಟಿಮನಿ ಟ್ರೈಫ್ಲೋರೈಡ್‌ನ ಸಣ್ಣ ಬಾಟಲಿಗಳು ಐದು ಸಿಕ್ಕಿದ್ದವು. ಕೈಗೆ ಸಿಕ್ಕ ಒಂದರಿಂದ ಗ್ಯಾಸ್ ಮಾಡಿ ಗಿನಿಯಿಲಿಗೆ ಕೊಟ್ಟರು. ಅದು ಆರಾಮಾಗಿತ್ತು. ಎರಡನೇ ಬಾಟಲಿಯಿಂದ ಮಾಡಿದ ಗ್ಯಾಸ್‌ಗೆ ಗಿನಿಯಿಲಿ ಸತ್ತಿತು. ಹುಡುಕಿದರೆ, ಉಳಿದ ನಾಲ್ಕೂ ಬಾಟಲಿಯ ಪುಡಿಯಲ್ಲಿ ನೀರಿನ ಅಂಶ ಸೇರಿತ್ತು. ಅದರಿಂದ ಫಾಸ್ಜೀನ್ ಅನ್ನೋ ವಿಷಾನಿಲ ಹುಟ್ಟುತ್ತಿತ್ತು. ಮೊದಲ ಸಲವೇ ಆ ನಾಲ್ಕರಲ್ಲಿ ಒಂದು ಕೈಗೆ ಬಂದಿದ್ದರೆ ಈ ಗ್ಯಾಸನ್ನು ಅಲ್ಲೇ ಬಿಟ್ಟುಬಿಡುತ್ತಿದ್ದರೇನೋ. ನೀರಿನ ತೇವ ಇವತ್ತಿಗೂ ಫ್ರೀಜರ್‌ನ ಶತ್ರುವೇ. ಪೈಪ್ ಬಿಚ್ಚಿದಾಗ ಒಳಗೆ ತೇವ ಸೇರಿದರೆ ಕ್ಯಾಪಿಲರಿ ತುದಿಯಲ್ಲಿ ಮಂಜು ಕಟ್ಟಿ ದಾರಿ ಮುಚ್ಚುತ್ತೆ. ಅದಕ್ಕೇ ಬಿಚ್ಚಿದ ಮೇಲೆ ಡ್ರೈಯರ್ ಹೊಸದು ಹಾಕಬೇಕು, ವ್ಯಾಕ್ಯೂಮ್ ಎಳೆದ ಮೇಲೇ ಗ್ಯಾಸ್ ತುಂಬಬೇಕು.

1930ರಲ್ಲಿ ಅಮೆರಿಕನ್ ಕೆಮಿಕಲ್ ಸೊಸೈಟಿಯ ಸಭೆಯಲ್ಲಿ ಮಿಜ್ಲಿ ಈ ಗ್ಯಾಸನ್ನು ಎದೆ ತುಂಬಾ ಎಳೆದುಕೊಂಡು, ಉರಿಯುತ್ತಿದ್ದ ಕ್ಯಾಂಡಲ್ ಮೇಲೆ ಊದಿ ಆರಿಸಿದರು. ವಿಷವೂ ಅಲ್ಲ, ಬೆಂಕಿಯೂ ಹತ್ತಲ್ಲ ಅನ್ನೋದನ್ನು ಒಂದೇ ಉಸಿರಲ್ಲಿ ತೋರಿಸಿದ ಹಾಗಾಯ್ತು. ಈ ಸಲ ಮೋಸ ಇರಲಿಲ್ಲ. ಅಡುಗೆಮನೆಯಲ್ಲಿ ನಿಂತವರಿಗೆ ಅದು ನಿಜವಾಗಲೂ ಸುರಕ್ಷಿತ. ಫ್ರಿಜ್ ಮನೆ ಮನೆಗೆ ಧೈರ್ಯವಾಗಿ ಬಂತು. ಹಾಲು, ಮಾಂಸ, ಔಷಧಿ ಕೆಡದೆ ಉಳಿಯೋದು ಸುಲಭವಾಯ್ತು. ಮಿಜ್ಲಿಗೆ 1937ರಲ್ಲಿ ಪರ್ಕಿನ್ ಪದಕ, 1941ರಲ್ಲಿ ಪ್ರೀಸ್ಟ್ಲಿ ಪದಕ ಬಂದವು. 1944ರಲ್ಲಿ ಅದೇ ಕೆಮಿಕಲ್ ಸೊಸೈಟಿಯ ಅಧ್ಯಕ್ಷರೂ ಆದರು.

ಕೊನೆಯ ವರ್ಷಗಳು ಕಷ್ಟದವು. 1940ರಲ್ಲಿ, 51ನೇ ವಯಸ್ಸಿಗೆ, ಪೋಲಿಯೋ ತಗುಲಿ ಕಾಲು ಸ್ವಾಧೀನ ತಪ್ಪಿತು. ಹಾಸಿಗೆಯಿಂದ ಎದ್ದು ಕೂರಲು ಹಗ್ಗ ಮತ್ತು ರಾಟೆಗಳ ಒಂದು ಯಂತ್ರವನ್ನು ತಾವೇ ಡಿಸೈನ್ ಮಾಡಿಕೊಂಡರು. 1944ರ ನವೆಂಬರ್ 2ರಂದು ಆ ಹಗ್ಗವೇ ಕುತ್ತಿಗೆಗೆ ಸಿಕ್ಕಿ ಉಸಿರುಗಟ್ಟಿ ತೀರಿಕೊಂಡರು. ಆಗ ಅವರಿಗೆ 55 ವರ್ಷ.

ಅವರು ಹೋಗಿ 30 ವರ್ಷದ ಮೇಲೆ, 1974ರಲ್ಲಿ, ಮಾರಿಯೊ ಮೊಲಿನಾ ಮತ್ತು ಶೆರ್ವುಡ್ ರೋಲ್ಯಾಂಡ್ ಇನ್ನೊಂದು ಲೆಕ್ಕ ಹಾಕಿದರು. ಈ ಗ್ಯಾಸ್ ಯಾವುದರ ಜೊತೆಗೂ ಸುಲಭಕ್ಕೆ ಸೇರಲ್ಲ, ಅದಕ್ಕೇ ಸುರಕ್ಷಿತ. ಅದಕ್ಕೇ ಗಾಳಿಯಲ್ಲಿ ಕರಗದೆ ಮೇಲೆ ಮೇಲೆ ಹೋಗುತ್ತೆ. ಅಲ್ಲಿ ಸೂರ್ಯನ ಅಲ್ಟ್ರಾವಯೊಲೆಟ್ ಬೆಳಕಿಗೆ ಒಡೆದು ಕ್ಲೋರಿನ್ ಬಿಡುತ್ತೆ, ಆ ಕ್ಲೋರಿನ್ ಓಜೋನ್ ಪದರವನ್ನು ತಿನ್ನುತ್ತೆ. 1985ರಲ್ಲಿ ಅಂಟಾರ್ಕ್ಟಿಕಾ ಮೇಲೆ ಓಜೋನ್ ರಂಧ್ರ ಪತ್ತೆಯಾಯಿತು. 1987ರ ಸೆಪ್ಟೆಂಬರ್ 16ರಂದು ಮಾಂಟ್ರಿಯಲ್ ಒಪ್ಪಂದ ಆಯಿತು. ಭಾರತ 1992ರಲ್ಲಿ ಸೇರಿ, 2010ರ ಹೊತ್ತಿಗೆ ಈ ಗ್ಯಾಸ್‌ಗಳ ತಯಾರಿಕೆ ನಿಲ್ಲಿಸಿತು. ಅದರ ಜಾಗಕ್ಕೆ ಬಂದದ್ದೇ ಗೆಳೆಯನ ಮನೆ ಸ್ಟಿಕರ್‌ನಲ್ಲಿದ್ದ ಆರ್-134ಎ. ಇದರಲ್ಲಿ ಕ್ಲೋರಿನ್ ಇಲ್ಲ, ಓಜೋನ್‌ಗೆ ತೊಂದರೆ ಇಲ್ಲ. ಆದರೆ ಭೂಮಿಯನ್ನು ಬಿಸಿ ಮಾಡುವ ವಿಷಯದಲ್ಲಿ ಒಂದು ಗ್ರಾಂ ಆರ್-134ಎ ಸುಮಾರು 1,430 ಗ್ರಾಂ ಕಾರ್ಬನ್ ಡೈಆಕ್ಸೈಡ್‌ಗೆ ಸಮ.

ಮಿಜ್ಲಿಯನ್ನು ಪ್ರಪಂಚಕ್ಕೆ ಅತಿ ಹೆಚ್ಚು ಹಾನಿ ಮಾಡಿದ ಎಂಜಿನಿಯರ್ ಅಂತ ತುಂಬಾ ಜನ ಬೈಯುತ್ತಾರೆ. ನಮ್ಮಲ್ಲಿ ಇದರ ಬಗ್ಗೆ ಜೋರು ಜಗಳವೇ ಆಯಿತು. ಕೊನೆಗೆ ನಾವು ಒಪ್ಪಿಕೊಂಡಿದ್ದು ಇಷ್ಟು: ಅವರ ಎರಡು ತಪ್ಪುಗಳನ್ನು ಒಂದೇ ತಕ್ಕಡಿಯಲ್ಲಿ ತೂಗಬಾರದು. ಫ್ರಿಯಾನ್ ವಿಷಯದಲ್ಲಿ ಅವರಿಗೆ ಗೊತ್ತಿರಲಿಲ್ಲ, ಆ ಕಾಲದಲ್ಲಿ ಯಾರಿಗೂ ಗೊತ್ತಿರಲಿಲ್ಲ. ಸೀಸದ ವಿಷಯದಲ್ಲಿ ಗೊತ್ತಿತ್ತು, ಆದರೂ ಕೈಗೆ ಸುರಿದುಕೊಂಡು ತೋರಿಸಿದರು.

ಹಾಗಾದರೆ ನಮ್ಮದು ಯಾವ ಥರದ ತಪ್ಪು?

ಯಾಕೆಂದರೆ ಆ ದಿನ ಮೆಕ್ಯಾನಿಕ್ ಅಣ್ಣ ಬಂದು ಪೈಪ್ ಕತ್ತರಿಸಿದಾಗ, ಒಳಗೆ ಉಳಿದಿದ್ದ ಗ್ಯಾಸ್ ಉಸ್ ಅಂತ ಹೊರಗೆ ಹೋಯಿತು. ಅದನ್ನು ಸಿಲಿಂಡರ್‌ಗೆ ಹಿಡಿಯುವ ರಿಕವರಿ ಮೆಷಿನ್ ಅವರ ಹತ್ತಿರ ಇರಲಿಲ್ಲ. ನಮಗೆ ಗೊತ್ತಿತ್ತು, ಸುಮ್ಮನಿದ್ದೆವು. ಜಾತ್ರೆ ಹತ್ತಿರ ಇತ್ತಲ್ಲ. ಆಮೇಲೆ ಮಾತಾಡುವಾಗ ಗೊತ್ತಾಯಿತು, ಹೋದ ವರ್ಷವೂ ತಣ್ಣಗಾಗುತ್ತಿಲ್ಲ ಅಂತ ಇನ್ಯಾರೋ ಬಂದು ಲೀಕ್ ಹುಡುಕದೆ ಬರೀ ಗ್ಯಾಸ್ ತುಂಬಿ ಹೋಗಿದ್ದರು. ಅದೂ ಗಾಳಿಗೇ ಹೋಯಿತು. 150 ಗ್ರಾಂ ಅಂದರೆ ಸುಮಾರು 215 ಕಿಲೋ ಕಾರ್ಬನ್ ಡೈಆಕ್ಸೈಡ್ ಲೆಕ್ಕ. ಲೀಟರ್‌ಗೆ 50 ಕಿ.ಮೀ. ಕೊಡುವ ಬೈಕ್‌ನಲ್ಲಿ ಮೈಸೂರಿಂದ ದೆಹಲಿಗೆ ಹೋಗಿ ವಾಪಸ್ ಬಂದ ಹಾಗೆ.

ಅದಕ್ಕೇ ನಿಮ್ಮ ಮನೆಯಲ್ಲೋ ಪಕ್ಕದ ಅಂಗಡಿಯಲ್ಲೋ ಇಂಥ ಫ್ರೀಜರ್ ಇದ್ದರೆ ಸ್ವಲ್ಪ ಕೇಳಿ. ಗ್ಯಾಸ್ ಅನ್ನೋದು ಪೆಟ್ರೋಲ್ ಥರ ಖರ್ಚಾಗಿ ಮುಗಿಯಲ್ಲ. ಕಮ್ಮಿಯಾಗಿದೆ ಅಂದರೆ ಎಲ್ಲೋ ಲೀಕ್ ಇದೆ. ಲೀಕ್ ಮುಚ್ಚದೆ ಗ್ಯಾಸ್ ತುಂಬಿಸಬೇಡಿ. ಬೆರಳು ದಪ್ಪ ಮಂಜು ಕಟ್ಟೋವರೆಗೂ ಬಿಡಬೇಡಿ. ಸ್ವಿಚ್ ಆಫ್ ಮಾಡಿ, ಮುಚ್ಚಳ ತೆಗೆದಿಟ್ಟು, ತಾನಾಗೇ ಕರಗಲು ಬಿಡಿ. ಚಾಕು, ಸ್ಕ್ರೂಡ್ರೈವರ್ ಹಾಕಿ ಕೆರೆಯಬೇಡಿ, ಗೋಡೆಯ ಹಿಂದೆಯೇ ಪೈಪ್ ಇರುತ್ತೆ. ತೂತು ಬಿದ್ದರೆ ಫ್ರೀಜರ್ ಹೋದ ಹಾಗೇ. ಗೋಡೆಗೆ ಅಂಟಿಸಿ ಇಡಬೇಡಿ, ಸುತ್ತ ಗಾಳಿ ಆಡಲಿ. ಗ್ಯಾಸ್ಕೆಟ್ ಒರೆಸುತ್ತಿರಿ. ಹೊಸದು ತಗೊಳ್ಳುವಾಗ ಸ್ಟಿಕರ್ ನೋಡಿ. ಆರ್-600ಎ ಅಥವಾ ಆರ್-290 ಇದ್ದರೆ ಭೂಮಿಗೆ ಬಿಸಿ ಕಮ್ಮಿ. ಆದರೆ ಅವು ಬೆಂಕಿ ಹತ್ತುವ ಗ್ಯಾಸ್, ಅವನ್ನು ಟ್ರೈನಿಂಗ್ ಆದವರೇ ಮುಟ್ಟಬೇಕು. ಮಿಜ್ಲಿ ಬೇಡ ಅಂದ ಗುಣ ಇರುವ ಗ್ಯಾಸ್‌ಗೇ ನಾವು ಸುತ್ತಿ ಬಂದು ನಿಂತಿದ್ದೀವಿ, ನೋಡಿ.

ಗೆಳೆಯನ ಮನೆ ಫ್ರೀಜರ್ ಜಾತ್ರೆಗೆ ಸರಿಹೋಯಿತು. ಅಮ್ಮ ನಮಗೆಲ್ಲ ಒಂದೊಂದು ಕ್ಯಾಂಡಿ ಕೊಟ್ಟರು. ಈಗ ತಿಂಗಳಿಗೊಮ್ಮೆ ಹೋಗಿ ಆ ಜಾಯಿಂಟ್‌ಗೆ ಸೋಪಿನ ನೊರೆ ಹಚ್ಚಿ ನೋಡಿ ಬರುತ್ತೀವಿ. ಇದುವರೆಗೂ ಗುಳ್ಳೆ ಎದ್ದಿಲ್ಲ.