ಆರು ವರ್ಷಕ್ಕೇ ಪಟ್ಟ ಏರಿದ ಕೃಷ್ಣದೇವರಾಯನ ಮಗ: ಯಾರು ಈ ತಿರುಮಲರಾಯ?

ಗಂಗಾವತಿ: ನಮ್ಮ ಆನೆಗೊಂದಿ, ಹಂಪಿ ಸೀಮೆಯಲ್ಲಿ ಶ್ರೀಕೃಷ್ಣದೇವರಾಯನ ಹೆಸರು ಕೇಳದವರಿಲ್ಲ. ಆದ್ರೆ ಆತನ ಮಗ ತಿರುಮಲರಾಯನ ಬಗ್ಗೆ ಗೊತ್ತಿರೋದು ಕಮ್ಮಿ ಮಂದಿಗೆ. ಆರು ವರ್ಷಕ್ಕೇ ಪಟ್ಟ ಏರಿದ ಈ ಹುಡುಗ ಬಹಳ ದಿನ ಬದುಕಲಿಲ್ಲ.

ಹುಡುಗನ ಮನೆತನ ಹುಡುಕಲು ದೂರ ಹೋಗಬೇಕಿಲ್ಲ. ಹೊಳೆ ದಾಟಿ ಹಂಪಿ ವಿರೂಪಾಕ್ಷ ಗುಡಿಗೆ ಹೋದ್ರೆ ಸಾಕು. ಅಲ್ಲಿ ಕೃಷ್ಣದೇವರಾಯ 1510ರಲ್ಲಿ ಹಾಕಿಸಿದ ಕಲ್ಲಿನ ಶಾಸನದಲ್ಲಿ ವಂಶಾವಳಿಯೇ ಇದೆ. ಚಂದ್ರ, ಯಯಾತಿ, ತುರ್ವಸು ಅಂತ ಪುರಾಣದಿಂದ ಶುರುವಾಗಿ ತಿಮ್ಮನಿಗೆ ಬರುತ್ತದೆ. ತಿಮ್ಮ, ದೇವಕಿಯರ ಮಗ ಈಶ್ವರ. ಈಶ್ವರ, ಬುಕ್ಕಮ್ಮನ ಮಗ ನರಸ ನಾಯಕ. ನರಸನಿಗೆ ತಿಪ್ಪಾಜಿಯಿಂದ ವೀರನರಸಿಂಹ, ನಾಗಲೆಯಿಂದ ಕೃಷ್ಣದೇವರಾಯ ಹುಟ್ಟಿದರು. ಇದು ತುಳುವ ಮನೆತನ. ಇನ್ನೊಬ್ಬ ರಾಣಿ ಓಬಾಂಬಿಕೆಯ ಮಗ ಅಚ್ಯುತರಾಯ.

ತಿರುಮಲನ ತಾಯಿ ಪಟ್ಟದ ರಾಣಿ ತಿರುಮಲದೇವಿ, ಶ್ರೀರಂಗಪಟ್ಟಣದ ಅರಸು ಮನೆತನದ ಮಗಳು. ಅಪ್ಪ ಬದುಕಿರುವಾಗಲೇ 1524ರಲ್ಲಿ ಮಗನಿಗೆ ಪಟ್ಟ ಕಟ್ಟಿದ. ತಿರುಮಲ ಮಹಾರಾಯನ ಹೆಸರಲ್ಲಿ ಶಾಸನಗಳೂ ಹೊರಟವು.

ಮುಂದಿನ ಕಥೆ ಬರೆದಿಟ್ಟವನು ಸುಮಾರು ಹತ್ತು ವರ್ಷದ ನಂತರ ವಿಜಯನಗರದಲ್ಲಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್. ಆತನ ಪ್ರಕಾರ ಪಟ್ಟದ ಹಬ್ಬ ಎಂಟು ತಿಂಗಳು ನಡೀತು. ಅದರ ನಡುವೆಯೇ ಹುಡುಗ ಜಡ್ಡಾಗಿ ತೀರಿಕೊಂಡ. ವಿಷ ಹಾಕಿದ್ದು ಮಂತ್ರಿ ಸಾಳುವ ತಿಮ್ಮರಸನ ಮಗ ಅಂತ ರಾಜನಿಗೆ ಸುದ್ದಿ ಮುಟ್ಟಿತು. ತನ್ನನ್ನು ಗದ್ದುಗೆಗೆ ಏರಿಸಿದ ಅದೇ ಮುದುಕ ಮಂತ್ರಿಯನ್ನು ರಾಯ ಜೈಲಿಗೆ ಹಾಕಿದ, ಆಮೇಲೆ ಕಣ್ಣು ಕೀಳಿಸಿದ. ರಾಜಕುಮಾರ್ ಅವರ ಸಿನಿಮಾ ನೋಡಿದವರಿಗೆ ತಿಮ್ಮರಸ ಗೊತ್ತೇ ಇರ್ತಾನೆ.

1529ರಲ್ಲಿ ಕೃಷ್ಣದೇವರಾಯ ತೀರಿಕೊಂಡಾಗ ಇನ್ನೊಬ್ಬ ಮಗನಿಗೆ ಬರೀ ಒಂದೂವರೆ ವರ್ಷ ಅಂತಾನೆ ನೂನಿಜ್. ಹಿಂಗಾಗಿ ಗದ್ದುಗೆ ತಮ್ಮ ಅಚ್ಯುತರಾಯನಿಗೆ ಹೋಯಿತು. ಅದನ್ನು ಒಪ್ಪದ ರಾಮರಾಯ ಮುಂದೆ ರಾಜ್ಯವನ್ನೇ ಕೈಗೆ ತಗೊಂಡ. ಕೃಷ್ಣದೇವರಾಯನ ಮಗಳನ್ನು ಮದುವೆಯಾಗಿದ್ದಕ್ಕೇ ಆತನಿಗೆ 'ಅಳಿಯ' ಅನ್ನೋ ಹೆಸರು. 1565ರ ಯುದ್ಧದಲ್ಲಿ ಆತನೂ ಸತ್ತ, ಹಂಪಿಯೂ ಹಾಳಾಯಿತು.

ಆನೆಗೊಂದಿಯ ರಾಜಮನೆತನ ಇದೇ ರಾಮರಾಯನ ಅರವೀಡು ವಂಶದ್ದು ಅನ್ನೋದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಮುಂದಿನ ಸಲ ವಿರೂಪಾಕ್ಷನ ದರ್ಶನಕ್ಕೆ ಹೋದಾಗ ಆ ಶಾಸನದ ಮುಂದೆ ಎರಡು ನಿಮಿಷ ನಿಲ್ಲಿ. ಅಜ್ಜ, ಮುತ್ತಜ್ಜನ ಹೆಸರೆಲ್ಲ ಅದರಲ್ಲಿವೆ. ಅದನ್ನು ಕೆತ್ತಿಸಿದಾಗ ಮೊಮ್ಮಗ ಇನ್ನೂ ಹುಟ್ಟಿರಲಿಲ್ಲ.