ತಾಯಿಯ ಮುಖವೇ ಮೊದಲ ಕನ್ನಡಿ



ಹಟ ಮಾಡದ, ಎದುರು ಮಾತನಾಡದ, ಹೇಳಿದಂತೆ ಕೇಳುವ ಮಗುವನ್ನು ಕಂಡರೆ ನಮಗೆಲ್ಲ ಮೆಚ್ಚುಗೆ. ಅಂಥ ಮಗುವನ್ನು ಪಡೆದ ತಂದೆತಾಯಿ ಪುಣ್ಯವಂತರು ಎನ್ನುತ್ತೇವೆ. ಆದರೆ ಆ ಮಗು ಸಂತೋಷದಿಂದ ಹಾಗಿದೆಯೋ, ಇಲ್ಲವೆ ಮನೆಯ ದೊಡ್ಡವರ ದುಃಖಕ್ಕೆ ಹೆದರಿ ತನ್ನನ್ನೇ ಬಚ್ಚಿಟ್ಟುಕೊಂಡಿದೆಯೋ ಎಂದು ನೀವು ಎಂದಾದರೂ ಯೋಚಿಸಿದ್ದೀರಾ? ಈ ಪ್ರಶ್ನೆಗೆ ತಮ್ಮ ಬದುಕನ್ನೇ ಮುಡಿಪಾಗಿಟ್ಟವರು ಇಂಗ್ಲೆಂಡಿನ ಮಕ್ಕಳ ವೈದ್ಯ ಹಾಗೂ ಮನೋವಿಶ್ಲೇಷಕ ಡೊನಾಲ್ಡ್ ವಿನಿಕಾಟ್. ಪ್ರಶ್ನೆ ಮೊದಲು ಹುಟ್ಟಿದ್ದು ಅವರ ಸ್ವಂತ ಮನೆಯಲ್ಲೇ.

ಅವರು ಜನಿಸಿದ್ದು 1896ರ ಏಪ್ರಿಲ್ 7ರಂದು, ಪ್ಲಿಮತ್ ಎಂಬ ಬಂದರು ಪಟ್ಟಣದಲ್ಲಿ. ಮೆಥಡಿಸ್ಟ್ ಪಂಥಕ್ಕೆ ಸೇರಿದ ಅನುಕೂಲಸ್ಥ ಕುಟುಂಬ. ತಂದೆ ಫ್ರೆಡರಿಕ್ ವ್ಯಾಪಾರಿ. ಎರಡು ಬಾರಿ ಆ ಊರಿನ ಮೇಯರ್ ಆದವರು. ಊರ ಕೆಲಸಗಳ ನಡುವೆ ಮನೆಗೆ ಸಿಗುತ್ತಿದ್ದುದು ಕಡಿಮೆ. ತಾಯಿ, ಇಬ್ಬರು ಅಕ್ಕಂದಿರು, ದಾದಿ ಇವರ ಅಕ್ಕರೆಯಲ್ಲಿ ಡೊನಾಲ್ಡ್ ಒಬ್ಬನೇ ಮಗನಾಗಿ ಬೆಳೆದನು.

ಮೂರು ವರ್ಷದವನಿದ್ದಾಗ ಒಂದು ಘಟನೆ ನಡೆಯಿತು. ಅಕ್ಕಂದಿರ ಮೇಣದ ಗೊಂಬೆಯ ಹೆಸರು ಹಿಡಿದು ತಂದೆ ಅವನನ್ನು ಕೆಣಕುತ್ತಿದ್ದರು. ಒಂದು ದಿನ ಬಾಲಕ ಆಟದ ಮರದ ಸುತ್ತಿಗೆ ಎತ್ತಿ ಆ ಗೊಂಬೆಯ ಮೂಗನ್ನು ಚಪ್ಪಟೆ ಮಾಡಿಬಿಟ್ಟ. ತಂದೆ ಬೆಂಕಿಕಡ್ಡಿಗಳನ್ನು ಗೀರಿ, ಮೇಣವನ್ನು ಬಿಸಿ ಮಾಡಿ, ಮುಖವನ್ನು ಮತ್ತೆ ತಿದ್ದಿದರು. ತಾನು ಕೆಡಿಸಿದ್ದು ಸರಿಹೋಗಬಲ್ಲದು ಎಂಬ ನೆಮ್ಮದಿ ಆ ಮಗುವಿಗೆ ಸಿಕ್ಕಿತು. ಇದನ್ನು ವಿನಿಕಾಟ್ ವೃದ್ಧಾಪ್ಯದಲ್ಲೂ ನೆನೆಯುತ್ತಿದ್ದರು.

ತಾಯಿ ಎಲಿಜಬೆತ್ ಅವರನ್ನು ಆಗಾಗ್ಗೆ ಖಿನ್ನತೆ ಆವರಿಸುತ್ತಿತ್ತು. ವಿನಿಕಾಟ್ ತಮ್ಮ 67ನೆಯ ವಯಸ್ಸಿನಲ್ಲಿ ಬರೆದ ಒಂದು ಕವಿತೆಯಲ್ಲಿ ಅಳುತ್ತಿರುವ ತಾಯಿಯೂ, ಆಕೆಯನ್ನು ನಗಿಸಲು ಕಲಿತ ಪುಟ್ಟ ಮಗನೂ ಬರುತ್ತಾರೆ. ಅಷ್ಟು ವರ್ಷಗಳು ಕಳೆದರೂ ಆ ಭಾರ ಎದೆಯಿಂದ ಇಳಿದಿರಲಿಲ್ಲ. ಒಂಬತ್ತು ವರ್ಷದವನಿದ್ದಾಗ ಅವನು ಒಮ್ಮೆ ಕನ್ನಡಿಯಲ್ಲಿ ತನ್ನ ಮುಖ ನೋಡಿಕೊಂಡು, ತಾನು ಅತಿಯಾಗಿ ಒಳ್ಳೆಯವನಾಗಿದ್ದೇನೆ ಎಂದು ತೀರ್ಮಾನಿಸಿದನಂತೆ! ಆ ವರ್ಷ ತರಗತಿಯಲ್ಲಿ ಕೊನೆಯವನಾದನು; ಪುಸ್ತಕಗಳ ಮೇಲೆ ಶಾಯಿ ಚೆಲ್ಲಿದನು. ಮನೆಯವರಿಗೆ ಅದು ತುಂಟತನ. ಮಗುವಿಗೆ ಅದು ತನ್ನನ್ನು ತಾನೇ ಹುಡುಕಿಕೊಳ್ಳುವ ಪ್ರಯತ್ನವಾಗಿತ್ತು.

ಮುಂದೆ ವಸತಿಶಾಲೆಯಲ್ಲಿದ್ದಾಗ ಆಟದಲ್ಲಿ ಬಿದ್ದು ಕೊರಳೆಲುಬು ಮುರಿಯಿತು. ಪೆಟ್ಟಾದಾಗಲೆಲ್ಲ ವೈದ್ಯರ ಆಸರೆಯಲ್ಲೇ ಇರಬೇಕಾಗುತ್ತದೆ, ಅದಕ್ಕಿಂತ ತಾನೇ ವೈದ್ಯನಾಗುವುದು ಮೇಲು ಎಂದು ಆಗಲೇ ನಿಶ್ಚಯಿಸಿದರು. 1923ರಲ್ಲಿ ಲಂಡನ್ನಿನ ಪ್ಯಾಡಿಂಗ್ಟನ್ ಗ್ರೀನ್ ಮಕ್ಕಳ ಆಸ್ಪತ್ರೆಯಲ್ಲಿ ಸೇವೆಗೆ ಸೇರಿ, ಸುಮಾರು 40 ವರ್ಷ ಅಲ್ಲೇ ದುಡಿದರು. ಅದೇ ವರ್ಷ, ಫ್ರಾಯ್ಡ್ ಅವರ ಗ್ರಂಥಗಳನ್ನು ಇಂಗ್ಲಿಷಿಗೆ ತಂದ ಜೇಮ್ಸ್ ಸ್ಟ್ರೇಚಿಯವರಲ್ಲಿಗೆ ತಮ್ಮ ಮನಸ್ಸಿನ ನೋವನ್ನೂ ಹೊತ್ತು ಹೋದರು. ಆ ಚಿಕಿತ್ಸೆ 10 ವರ್ಷ ನಡೆಯಿತು. ಅನಂತರ ಅವರೂ ಮನೋವಿಶ್ಲೇಷಕರಾದರು.

ಆಸ್ಪತ್ರೆಗೆ ಬರುತ್ತಿದ್ದ ಸಾವಿರಾರು ತಾಯಿ-ಮಕ್ಕಳನ್ನು ನೋಡುತ್ತಾ ವಿನಿಕಾಟ್ ಒಂದು ಸತ್ಯವನ್ನು ಮನಗಂಡರು. ಹಸುಗೂಸು ತಾಯಿಯ ಮುಖ ನೋಡಿದಾಗ ಅಲ್ಲಿ ತನ್ನನ್ನೇ ಕಾಣುತ್ತದೆ. ತಾನು ನಕ್ಕಾಗ ಆಕೆ ಅರಳಿದರೆ, ತಾನು ಇದ್ದೇನೆ, ತನ್ನಿಂದ ಸಂತೋಷವಿದೆ ಎಂದು ಅದು ಅರಿಯುತ್ತದೆ. ಆದರೆ ತಾಯಿಯ ಮುಖದಲ್ಲಿ ಆಕೆಯ ದುಃಖ ಮಾತ್ರ ಕಂಡರೆ? ಮಗು ತನ್ನನ್ನು ಮರೆತು, ಆ ಮುಖದ ಹವಾಮಾನ ನೋಡುವುದನ್ನೇ ಕಲಿಯುತ್ತದೆ. ಇತರರಿಗೆ ಬೇಕಾದಂತೆ ನಡೆಯುವ ಒಂದು ಹುಸಿ ವ್ಯಕ್ತಿತ್ವ ಮುಂದೆ ನಿಲ್ಲುತ್ತದೆ, ನಿಜವಾದ ವ್ಯಕ್ತಿತ್ವ ಒಳಗೆ ಅಡಗುತ್ತದೆ. ಇಂಥವರು ದೊಡ್ಡವರಾಗಿ ಹೆಸರು, ಹಣ ಎಲ್ಲ ಗಳಿಸಿಯೂ ತಾವು ಬದುಕಿಯೇ ಇಲ್ಲ ಎಂಬ ಶೂನ್ಯದಲ್ಲಿ ನರಳುವುದನ್ನು ಅವರು ಕಂಡರು.

ಇದನ್ನು ಓದಿ ತಾಯಂದಿರು ಗಾಬರಿಯಾಗಬೇಕಿಲ್ಲ. ವಿನಿಕಾಟ್ ತಾಯಂದಿರ ಮೇಲೆ ತಪ್ಪು ಹೊರಿಸಿದವರಲ್ಲ. 1940ರ ದಶಕದಿಂದ ಬಿ.ಬಿ.ಸಿ. ರೇಡಿಯೋದಲ್ಲಿ ಮಾತನಾಡುತ್ತಾ ಅವರು ಸಾಮಾನ್ಯ ತಾಯಂದಿರಿಗೆ ಧೈರ್ಯ ತುಂಬಿದರು. ಮಗುವಿಗೆ ಪರಿಪೂರ್ಣ ತಾಯಿ ಬೇಕಿಲ್ಲ, ಸಾಕಷ್ಟು ಒಳ್ಳೆಯ ತಾಯಿ ಸಾಕು ಎಂಬುದು ಅವರ ಬೋಧನೆಯ ತಿರುಳು. ಮೊದಮೊದಲು ಮಗುವಿನ ಅಗತ್ಯಕ್ಕೆ ಪೂರ್ತಿ ಒಗ್ಗಿಕೊಂಡ ತಾಯಿ, ಮುಂದೆ ಅದು ತಾಳುವಷ್ಟು ಮಟ್ಟಿಗೆ ಸ್ವಲ್ಪ ಸ್ವಲ್ಪವೇ ತಡಮಾಡುತ್ತಾಳೆ. ಆ ಸಣ್ಣ ಕೊರತೆಗಳಿಂದಲೇ ಮಗು ಲೋಕವನ್ನು ಕಲಿಯುತ್ತದೆ. ತಾಯಿಗೆ ನೆಮ್ಮದಿ ಕೊಟ್ಟು ಬೆನ್ನ ಹಿಂದೆ ನಿಲ್ಲುವುದು ತಂದೆಯ ಪಾಲು.

1939ರಲ್ಲಿ ಯುದ್ಧ ಆರಂಭವಾದಾಗ ಬಾಂಬ್ ದಾಳಿಗೆ ಹೆದರಿ ಇಂಗ್ಲೆಂಡಿನ ನಗರಗಳಿಂದ ಲಕ್ಷಾಂತರ ಮಕ್ಕಳನ್ನು ಹಳ್ಳಿಗಳಿಗೆ ಕಳುಹಿಸಲಾಯಿತು. ಐದು ವರ್ಷದೊಳಗಿನ ಮಕ್ಕಳನ್ನು ತಾಯಿಯಿಂದ ಅಗಲಿಸುವುದು ಅಪಾಯವೆಂದು ವಿನಿಕಾಟ್ ಮತ್ತು ಇಬ್ಬರು ವೈದ್ಯರು ಅದೇ ಡಿಸೆಂಬರಿನಲ್ಲಿ ವೈದ್ಯಕೀಯ ಪತ್ರಿಕೆಗೆ ಬರೆದು ಎಚ್ಚರಿಸಿದರು. ಅಂಥ ಮಕ್ಕಳಿಗಾಗಿ ತೆರೆದ ವಸತಿಗೃಹವೊಂದರಿಂದ ಪದೇ ಪದೇ ಓಡಿಹೋಗುತ್ತಿದ್ದ ಒಂಬತ್ತು ವರ್ಷದ ಬಾಲಕನನ್ನು ವಿನಿಕಾಟ್ ದಂಪತಿ ಮೂರು ತಿಂಗಳು ತಮ್ಮ ಮನೆಯಲ್ಲೇ ಇಟ್ಟುಕೊಂಡರು. ಮೊದಮೊದಲು ಅವನು ಅಲ್ಲಿಂದಲೂ ಓಡಿದ. ಅವನ ಕೈಗೆ ಒಂದು ಶಿಲಿಂಗ್ ಕೊಟ್ಟೇ ಹೊರಗೆ ಬಿಡುತ್ತಿದ್ದರು. ಯಾವ ಪೋಲೀಸ್ ಠಾಣೆಯಿಂದ ಫೋನ್ ಬಂದರೂ ಹೋಗಿ ಕರೆತರುತ್ತಿದ್ದರು.

ಓಡುವುದು ನಿಂತಾಗ ಮನೆಯೊಳಗೇ ಅವನ ರೋಷ ಸಿಡಿಯತೊಡಗಿತು. ವಿನಿಕಾಟ್ ಅವನನ್ನು ಹೊಡೆಯಲಿಲ್ಲ. ರೋಷ ಮಿತಿಮೀರಿದಾಗ ಎತ್ತಿಕೊಂಡು ಹೋಗಿ, ಮಳೆಯಿರಲಿ ಚಳಿಯಿರಲಿ, ಮುಂಬಾಗಿಲ ಹೊರಗೆ ನಿಲ್ಲಿಸುತ್ತಿದ್ದರು. ಅವನ ವರ್ತನೆಯಿಂದ ತಮಗೆ ಅವನ ಮೇಲೆ ದ್ವೇಷ ಹುಟ್ಟಿದೆ ಎಂಬುದನ್ನೂ ಮುಚ್ಚಿಡದೆ ಹೇಳುತ್ತಿದ್ದರು. ಆದರೆ ಬಾಗಿಲಲ್ಲಿ ಅವನಿಗಾಗಿಯೇ ಒಂದು ಗಂಟೆ ಇತ್ತು. ಕೋಪ ಇಳಿದ ಮೇಲೆ ಅದನ್ನು ಬಾರಿಸಿದರೆ ಬಾಗಿಲು ತೆರೆಯುತ್ತಿತ್ತು. ನಡೆದುದರ ಬಗ್ಗೆ ಒಂದು ಮಾತೂ ಇಲ್ಲ. ಕೊನೆಗೆ ಅವನು ಸುಧಾರಣಾ ಶಾಲೆಗೇ ಹೋಗಬೇಕಾಯಿತು. ಆದರೂ ಆ ದಂಪತಿಯೊಡನೆ ಬೆಸೆದ ನಂಟು ಅವನ ಬಾಳಿನಲ್ಲಿ ಅಲುಗದೆ ಉಳಿಯಿತು.

ಮನೋವಿಶ್ಲೇಷಣೆಯ ಕೋಣೆಯಲ್ಲೂ ಅವರ ವಿಧಾನ ಇದೇ. ಬಾಲ್ಯದ ಸಂಬಂಧದಲ್ಲಿ ಗಾಯಗೊಂಡವರು ಅಲ್ಲಿ ಅದೇ ಭಯ, ಅದೇ ಕೋಪವನ್ನು ವೈದ್ಯರ ಮೇಲೆ ಹಾಕುತ್ತಾರೆ. ವೈದ್ಯರು ಸೇಡು ತೀರಿಸದೆ, ಬಿಟ್ಟುಹೋಗದೆ, ಹೇಳಿದ ಹೊತ್ತಿಗೆ ಹೇಳಿದ ಜಾಗದಲ್ಲಿ ಇರಬೇಕು. ತಾಯಿ ಕೂಸನ್ನು ಎತ್ತಿ ಹಿಡಿದಂತೆ ಈ ಭರವಸೆಯೇ ರೋಗಿಯನ್ನು ಹಿಡಿದಿರುತ್ತದೆ. ಆಗ ಅಡಗಿದ್ದ ವ್ಯಕ್ತಿತ್ವ ಮೆಲ್ಲಗೆ ಹೊರಬರಲು ಧೈರ್ಯ ಮಾಡುತ್ತದೆ.

ಕೆಲವೊಮ್ಮೆ ಈ ಕೆಲಸವನ್ನು ಅವರು ತಾಯಿಯ ಕೈಗೇ ಒಪ್ಪಿಸುತ್ತಿದ್ದರು. 1955ರಲ್ಲಿ ಏಳು ವರ್ಷದ ಬಾಲಕನನ್ನು ಅವರ ಬಳಿಗೆ ತಂದರು. ಅವನು ಮನೆಯ ಕುರ್ಚಿ ಮೇಜುಗಳನ್ನೆಲ್ಲ ದಾರದಿಂದ ಕಟ್ಟುತ್ತಿದ್ದ. ತಂಗಿಯ ಕುತ್ತಿಗೆಗೂ ದಾರ ಸುತ್ತಿದ್ದ. ವಿನಿಕಾಟ್ ಕಾಗದದ ಮೇಲೆ ಗೀಟು ಎಳೆಯುವುದು, ಮಗು ಅದನ್ನು ಚಿತ್ರವಾಗಿಸುವುದು, ಹೀಗೊಂದು ಆಟ ಆಡಿದರು. ಕುಣಿಕೆ, ಚಾಟಿ, ಗಂಟು ಎಂದು ಅವನ ಚಿತ್ರಗಳಲ್ಲೆಲ್ಲ ದಾರವೇ. ತಾಯಿ ಖಿನ್ನತೆಯಿಂದ ಎರಡು ತಿಂಗಳು ಆಸ್ಪತ್ರೆಯಲ್ಲಿದ್ದಾಗ ಅವನನ್ನು ಅಗಲಿದ್ದಳು. ಮತ್ತೆ ಅಗಲುವಳೆಂಬ ಹೆದರಿಕೆಯಿಂದ ಅವನು ಎಲ್ಲವನ್ನೂ ಕಟ್ಟಿಹಾಕುತ್ತಿದ್ದ. ಅಗಲಿಕೆಯ ಬಗ್ಗೆ ಮಗನೊಡನೆ ಮಾತನಾಡುವಂತೆ ತಾಯಿಗೆ ಹೇಳಿದರು. ಆಕೆ ಹಿಂಜರಿದರೂ ಮಾತನಾಡಿದಳು. ದಾರದ ಆಟ ನಿಂತಿತು. ಅವನ ಕಷ್ಟವೆಲ್ಲ ಅಲ್ಲಿಗೇ ತೀರಲಿಲ್ಲ ಎಂಬುದನ್ನೂ ವಿನಿಕಾಟ್ ಮುಂದೆ ಪ್ರಾಮಾಣಿಕವಾಗಿ ಬರೆದರು.

ಅವರಿಗೆ ಸ್ವಂತ ಮಕ್ಕಳಿರಲಿಲ್ಲ. ಮೊದಲ ದಾಂಪತ್ಯ ಮುರಿದುಬಿತ್ತು. 1951ರಲ್ಲಿ ಸಮಾಜಸೇವಕಿ ಕ್ಲೇರ್ ಬ್ರಿಟನ್ ಅವರನ್ನು ಮದುವೆಯಾದರು. 1971ರ ಜನವರಿಯಲ್ಲಿ ಲಂಡನ್ನಿನಲ್ಲಿ ತೀರಿಕೊಂಡರು. ತಾಯಿಯನ್ನು ನಗಿಸಲು ಹೆಣಗಿದ ಆ ಬಾಲಕ, ಇತರ ಮಕ್ಕಳಿಗೆ ಆ ಹೊರೆ ಇರಬಾರದೆಂದು ಬಾಳೆಲ್ಲ ಶ್ರಮಿಸಿದ್ದರು.

ಓದುಗರೇ, ನಿಮ್ಮ ಮನೆಯಲ್ಲಿ ಹಟ ಮಾಡುವ ಮಗುವಿನ ಮೇಲೆ ನಿಮ್ಮ ಕಣ್ಣು ಹೇಗೂ ಇರುತ್ತದೆ. ಇಂದು ಸಂಜೆ, ಏನನ್ನೂ ಕೇಳದೆ ಮೂಲೆಯಲ್ಲಿ ಸುಮ್ಮನೆ ಕುಳಿತಿರುವ ಮಗುವಿನ ಬಳಿಗೂ ಹೋಗಿ. ನಿಮ್ಮ ದುಃಖಕ್ಕೆ ಅದು ಕಾರಣವಲ್ಲ, ಅದನ್ನು ನೀಗಿಸುವ ಹೊಣೆಯೂ ಅದರದಲ್ಲ ಎಂದು ತಿಳಿಸಿ ಹೇಳಿ. ಅದು ಅತ್ತರೆ ಅಳಲಿ, ಸಿಟ್ಟಾದರೆ ಸಿಟ್ಟಾಗಲಿ. ನೀವು ಅಲ್ಲೇ ಇರಿ.