ಸಾಂತಿಯಾಗೊ ರಮೋನ್ ಇ ಕಹಾಲ್

ಮಿದುಳು ಅಖಂಡವಾದೊಂದು ಬಲೆಯೋ, ಬೇರೆಬೇರೆಯಾದ ಅಸಂಖ್ಯ ಜೀವಕೋಶಗಳ ಸಮೂಹವೋ ಎಂಬ ಪ್ರಶ್ನೆಗಾಗಿ ಆಯುಷ್ಯವನ್ನು ಸವೆಸಿದ ಕಹಾಲ್ ಮಹಾಶಯನ ಚರಿತ್ರೆಯನ್ನು ನಮ್ಮ ವಾಚಕರ ಮುಂದಿಡಲು ನಾವು ಸಂತೋಷಿಸುತ್ತೇವೆ.

ಈತನು ೧೮೫೨ನೆಯ ಇಸವಿ ಮೇ ೧ರಂದು ಸ್ಪೇನ್ ದೇಶದ ಒಂದು ಕುಗ್ರಾಮದಲ್ಲಿ ಜನಿಸಿದನು. ತಂದೆಯು ಶಸ್ತ್ರವೈದ್ಯನು, ಬಾಲಕನಿಗಾದರೋ ಚಿತ್ರ ಬರೆಯುವುದೇ ಪ್ರಾಣ. ತಂದೆಯು ಇದನ್ನು ವ್ಯರ್ಥಕಾಲಕ್ಷೇಪವೆಂದೆಣಿಸಿ, ಮಗನನ್ನು ಕ್ಷೌರಿಕನ ಬಳಿಯಲ್ಲಿಯೂ ಪಾದರಕ್ಷೆ ಹೊಲಿಯುವವನ ಬಳಿಯಲ್ಲಿಯೂ ಕೆಲಸಕ್ಕೆ ಬಿಟ್ಟನು. ಕಡೆಗೆ ತಾನೇ ಅಸ್ಥಿಗಳ ಪಾಠವನ್ನು ಹೇಳಿಕೊಡಲಾಗಿ, ಅವುಗಳನ್ನು ಚಿತ್ರಿಸುತ್ತಲೇ ಹುಡುಗನು ವೈದ್ಯಶಾಸ್ತ್ರಕ್ಕೆ ಒಲಿದನು. ೧೮೭೩ರಲ್ಲಿ ವೈದ್ಯನಾಗಿ, ಸೈನ್ಯದೊಡನೆ ಕ್ಯೂಬಾ ದ್ವೀಪಕ್ಕೆ ಹೋಗಿ, ಮಲೇರಿಯಾದಿಂದ ಕೃಶನಾಗಿ ಮರಳಿದನು.

ಇಟಲಿಯ ಗೊಲ್ಜಿ ಪಂಡಿತನು ೧೮೭೩ರಲ್ಲಿ ಪ್ರಕಟಿಸಿದ್ದ ಬೆಳ್ಳಿಯ ಲವಣದ ವಿಧಾನವನ್ನು ಕಹಾಲನು ೧೮೮೭ರಲ್ಲಿ ಕಂಡನು. ಅದರಿಂದ ಕೆಲವೇ ಕೋಶಗಳು ಕಪ್ಪಾಗಿ, ಒಂದೊಂದೂ ತನ್ನ ಕವಲುಗಳೊಡನೆ ಪೂರ್ಣವಾಗಿ ಗೋಚರಿಸುತ್ತಿದ್ದಿತು. ಅದನ್ನು ಪಕ್ಷಿಭ್ರೂಣಗಳಲ್ಲಿಯೂ ಎಳೆಯ ಪ್ರಾಣಿಗಳಲ್ಲಿಯೂ ಪ್ರಯೋಗಿಸಿ, ಕಂಡುದನ್ನು ಕೈಯಾರೆ ಚಿತ್ರಿಸಿ, ಪ್ರತಿಯೊಂದು ಕೋಶವೂ ಪ್ರತ್ಯೇಕವೆಂದು ೧೮೮೮ರಲ್ಲಿ ಬಾರ್ಸಿಲೋನಾ ನಗರದಿಂದ ಸಾರಿದನು. ಅದಕ್ಕಾಗಿ ಸ್ವಂತ ಹಣದಿಂದಲೇ ಪತ್ರಿಕೆಯೊಂದನ್ನು ಅಚ್ಚುಹಾಕಿಸಿದನು. ಯಾರೂ ಗಮನಿಸದಿರಲು, ಮರುವರ್ಷ ಬರ್ಲಿನ್ ಪಟ್ಟಣದ ವಿದ್ವತ್ಸಭೆಗೆ ತಾನೇ ಹೋಗಿ, ಸೂಕ್ಷ್ಮದರ್ಶಕದಲ್ಲಿ ತೋರಿಸಿ, ವೃದ್ಧ ಪಂಡಿತನಾದ ಕೋಲಿಕರನನ್ನು ಒಪ್ಪಿಸಿದನು.

೧೯೦೬ರಲ್ಲಿ ನೊಬೆಲ್ ಪಾರಿತೋಷಕವು ಈತನಿಗೂ ಗೊಲ್ಜಿಗೂ ಜೊತೆಯಾಗಿ ದೊರೆಯಿತು. ಆದರೆ ಗೊಲ್ಜಿಯು ಬಲೆಯ ವಾದವನ್ನು ಬಿಡದೆ, ಆ ಸಂದರ್ಭದ ಉಪನ್ಯಾಸದಲ್ಲಿಯೇ ಕಹಾಲನ ಮತವನ್ನು ಖಂಡಿಸಿದನು. ಸಂಧಿಸ್ಥಾನವನ್ನು ಕಣ್ಣಾರೆ ತೋರಿಸಲು ಇಬ್ಬರಿಂದಲೂ ಆಗದು. ಏಕೆಂದರೆ ಮಿಲಿಮೀಟರಿನ ಐದು ಸಾವಿರದಲ್ಲೊಂದು ಅಂಶಕ್ಕಿಂತ ಬಹಳ ಕಿರಿದಾದ ಅಂತರವನ್ನು ಬೆಳಕಿನ ಸೂಕ್ಷ್ಮದರ್ಶಕವು ಬಿಡಿಸಿ ತೋರಿಸಲಾರದು.

೧೯೩೪ನೆಯ ಅಕ್ಟೋಬರ್ ೧೭ರಂದು ಕಹಾಲನು ಮ್ಯಾಡ್ರಿಡ್ ನಗರದಲ್ಲಿ ಕಾಲವಾದನು. ಬೆಳಕಿಗೆ ಬದಲಾಗಿ ಎಲೆಕ್ಟ್ರಾನ್ ಕಿರಣಗಳನ್ನು ಬಳಸುವ ನೂತನ ಯಂತ್ರದಿಂದ, ೧೯೫೪-೫೫ರಲ್ಲಿ ವಿಜ್ಞಾನಿಗಳು ಆ ಸಂಧಿಯನ್ನು ನೋಡಿದರು. ಎರಡು ಕೋಶಗಳಿಗೂ ತಮ್ಮತಮ್ಮದೇ ಪೊರೆ. ನಡುವೆ ಮಿಲಿಮೀಟರಿನ ಸುಮಾರು ಐವತ್ತು ಸಾವಿರದಲ್ಲೊಂದರಷ್ಟು ಅಂತರ! ಕೆಲವೆಡೆ ಸೂಕ್ಷ್ಮನಾಳಗಳು ಕೋಶಗಳನ್ನು ಜೋಡಿಸುವುದುಂಟೆಂದು ಮುಂದೆ ತಿಳಿದುಬಂದರೂ, ಕಹಾಲನ ಮುಖ್ಯ ಸಿದ್ಧಾಂತವು ಸ್ಥಿರವಾಗಿ ನಿಂತಿತು.

ತಂದೆಯು ವ್ಯರ್ಥವೆಂದು ತಡೆದ ಕೈಚಳಕವೇ ಈ ಸತ್ಯಕ್ಕೆ ಸಾಧನವಾಯಿತು. ಮಕ್ಕಳ ಒಲವನ್ನು ಹಳಿಯುವ ಮುನ್ನ ಮಾತಾಪಿತೃಗಳು ಇದನ್ನು ನೆನೆಯಲಿ. ಶಾಲೆಯನ್ನು ಬಿಟ್ಟುಹೋದ ನಮ್ಮ ಸೋದರಿಯರೂ ತಮಗೆ ದೇವರು ಕೊಟ್ಟ ವರವನ್ನು ಹೂಳಿಡದಿರಲಿ ಎಂದು ನಾವು ಹಾರೈಸುತ್ತೇವೆ.